ಕತ್ತಲ ಹಾದಿಗೆ ಒಡೆಯರು ಯಾರು?

ಶನಿವಾರ ಸಂಜೆ ಹಾಸನ ದಾಟಿ ಸಕಲೇಶಪುರದ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ನಮ್ಮ ನಗರ ಜೀವನದ ಹೊಸ ಹವ್ಯಾಸವೊಂದರ ಮೆರವಣಿಗೆ ಕಣ್ಣಿಗೆ ಬೀಳುತ್ತದೆ. ಎತ್ತರದ ಮೈಕಟ್ಟು, ಆಳ ಹಲ್ಲಿನ ದಪ್ಪ ಟೈರು, ಮುಂಬದಿಯಲ್ಲಿ ಸುತ್ತಿಟ್ಟ ವಿಂಚಿನ ಹಗ್ಗ, ನೆತ್ತಿಯ ಮೇಲೆ ಸಾಲು ದೀಪ. ಇಂಥ ನಾಲ್ಕೋ ಐದೋ ವಾಹನಗಳು ಜೊತೆಗೂಡಿ ಪಶ್ಚಿಮಕ್ಕೆ ಮುಖ ಮಾಡಿ ಹೋಗುತ್ತಿರುತ್ತವೆ. ಬೆಂಗಳೂರಿನ ರಸ್ತೆಗುಂಡಿಗಳನ್ನು ವಾರವಿಡೀ ಶಪಿಸುವ ಜನರೇ ವಾರಾಂತ್ಯದಲ್ಲಿ ಇನ್ನೂ ದೊಡ್ಡ ಗುಂಡಿಗಳನ್ನು ಅರಸಿಕೊಂಡು ಇನ್ನೂರು ಕಿಲೋಮೀಟರು ಪ್ರಯಾಣ ಬೆಳೆಸುತ್ತಾರೆ. ಅದಕ್ಕೆ ‘ಆಫ್ ರೋಡಿಂಗ್’ ಎಂದು ಹೆಸರು. ಇತ್ತೀಚೆಗೆ ಹಗಲು ಸಾಲದೆಂದು ರಾತ್ರಿಯೂ ಅದಕ್ಕೆ ಸೇರಿಕೊಂಡಿದೆ.

ಇದನ್ನು ‘ಹಣವಿದ್ದವರ ಹುಚ್ಚು’ ಎಂದು ತಳ್ಳಿಹಾಕುವುದು ಸುಲಭ. ‘ಯುವಜನರ ಸಾಹಸ ಪ್ರವೃತ್ತಿ’ ಎಂದು ಕೊಂಡಾಡುವುದೂ ಅಷ್ಟೇ ಸುಲಭ. ಈ ಎರಡು ತೀರ್ಪುಗಳ ನಡುವೆ ಒಂದು ಪ್ರಶ್ನೆ ಉಳಿಯುತ್ತದೆ. ಕತ್ತಲಾದ ಮೇಲೆ ಮಲೆನಾಡಿನ ಕಚ್ಚಾ ದಾರಿ ಯಾರದು? ಅದು ಅಲ್ಲಿ ವಾಸಿಸುವವರದೇ, ಅಲ್ಲಿ ಸಂಚರಿಸುವ ಪ್ರಾಣಿಗಳದೇ, ಅಥವಾ ಇಂಧನ ತುಂಬಿಸಿಕೊಂಡು ಬಂದ ನಮ್ಮದೇ? ಕಳೆದ ಮಳೆಗಾಲದ ಕೊನೆಯಲ್ಲಿ ಸಕಲೇಶಪುರದ ಆಸುಪಾಸಿನಲ್ಲಿ ನಡೆದ ಇಂಥದೊಂದು ರಾತ್ರಿ ಸಂಚಾರದಲ್ಲಿ ನಾನು ಪಾಲ್ಗೊಂಡಿದ್ದೆ. ಚಾಲಕನಾಗಿ ಅಲ್ಲ, ಸ್ನೇಹಿತರ ಪಕ್ಕದ ಆಸನದಲ್ಲಿ ಕುಳಿತ ಪ್ರೇಕ್ಷಕನಾಗಿ. ಅಲ್ಲಿ ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಓದುಗರ ಮುಂದಿಡಬೇಕೆನಿಸಿದೆ.

ಯುದ್ಧದಿಂದ ತೋಟಕ್ಕೆ

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಹಾಗೆ ನಮ್ಮ ನೆಲಕ್ಕೆ ಬಂದ ಈ ವಾಹನಕ್ಕೆ ಮಲೆನಾಡಿನಷ್ಟು ಹೊಂದುವ ಊರು ಬೇರೆ ಸಿಗಲಾರದು. ಕಾಫಿ ತೋಟಗಳಿಗೆ ಗೊಬ್ಬರ ಹೊತ್ತದ್ದು, ಕಣದಿಂದ ಕಾಫಿ ಮೂಟೆ ಸಾಗಿಸಿದ್ದು, ಲೈನ್ ಮನೆಗಳಿಂದ ಆಳುಗಳನ್ನು ಕರೆತಂದದ್ದು, ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ಸುರಿಯುವ ಮಳೆಯಲ್ಲಿ ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದು, ಎಲ್ಲವೂ ಜೀಪೇ. ಮಲೆನಾಡಿನ ಮುದುಕರು ಇಂದಿಗೂ ಯಾವ ಕಂಪನಿಯ ವಾಹನವಾದರೂ, ನಾಲ್ಕು ಚಕ್ರಕ್ಕೂ ಬಲವಿದ್ದರೆ ಅದನ್ನು ‘ಜೀಪು’ ಎಂದೇ ಕರೆಯುವುದು ಸುಮ್ಮನೆ ಅಲ್ಲ.

1985ರಲ್ಲಿ ಮಾರುತಿ ಜಿಪ್ಸಿ ಬಂದಿತು. 2010ರಲ್ಲಿ ಮಹೀಂದ್ರ ಥಾರ್ ಬಂದಿತು. 2020ರಲ್ಲಿ ಅದೇ ಥಾರ್ ಹವಾನಿಯಂತ್ರಣ, ಆಟೋಮ್ಯಾಟಿಕ್ ಗೇರುಗಳ ಸೌಕರ್ಯದೊಡನೆ ಹೊಸ ರೂಪ ತಾಳಿದ ಮೇಲೆ, ಮತ್ತು 2023ರಲ್ಲಿ ಜಿಮ್ನಿಯೂ ಜೊತೆಗೂಡಿದ ಮೇಲೆ, ಕೆಸರಿನ ವಾಹನ ನಗರದ ವಾಹನವೂ ಆಯಿತು. ತೋಟದವನಿಗೆ ದುಡಿಮೆಯ ಸಾಧನವಾಗಿದ್ದದ್ದು ಕಚೇರಿಗೆ ಹೋಗುವವನಿಗೆ ಕನಸಿನ ಸಾಧನವಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೇ ವಾಹನ ಇಬ್ಬರ ಕೈಯಲ್ಲಿ ಎರಡು ಅರ್ಥ ಪಡೆದಾಗ, ಒಂದೇ ದಾರಿಯೂ ಎರಡು ಅರ್ಥ ಪಡೆಯುತ್ತದೆ ಎಂಬುದನ್ನು ನಾವು ಗಮನಿಸಿದಂತಿಲ್ಲ.

ಹಿಂದಿನವರ ಹೊಣೆ

ನಾವು ಹೊರಟದ್ದು ಏಳು ವಾಹನಗಳಲ್ಲಿ. ಮುಂದಾಳು ಸಕಲೇಶಪುರದ ಕಡೆಯವರೇ ಆದ ಕಾಫಿ ಬೆಳೆಗಾರರು, ಐವತ್ತು ದಾಟಿದವರು. ಉಳಿದಂತೆ ಒಬ್ಬ ದಂತವೈದ್ಯರು, ಇಬ್ಬರು ಸಾಫ್ಟ್‌ವೇರ್ ಉದ್ಯೋಗಿಗಳು, ಗ್ಯಾರೇಜು ನಡೆಸುವ ಅಣ್ಣತಮ್ಮಂದಿರು, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಮತ್ತು ಮೂರನೆಯ ವಾಹನ ನಡೆಸುತ್ತಿದ್ದ ಒಬ್ಬ ಕಾಲೇಜು ಉಪನ್ಯಾಸಕಿ. ಹಾದಿ ಬಹುಪಾಲು ಎರಡು ಖಾಸಗಿ ತೋಟಗಳ ಒಳಗಿನದು. ಎರಡಕ್ಕೂ ಮಾಲೀಕರ ಅನುಮತಿಯಿತ್ತು. ನಡುವೆ ಒಂದು ಹಳ್ಳಿಯ ಮಣ್ಣುದಾರಿಯಲ್ಲಿ ಇಳಿದು ಹಳ್ಳ ದಾಟಿ ಎರಡನೆಯ ತೋಟ ಸೇರಬೇಕಿತ್ತು.

ಹೊರಡುವ ಮುನ್ನ ಮುಂದಾಳು ಎಲ್ಲರನ್ನೂ ಕಾಫಿ ಕಣದಲ್ಲಿ ನಿಲ್ಲಿಸಿ ಹೇಳಿದ ನಿಯಮಗಳು ಸರಳವಾಗಿದ್ದವು. ಟೈರಿನ ಗಾಳಿಯನ್ನು ಮೂವತ್ತರಿಂದ ಹದಿನೆಂಟು ಇಪ್ಪತ್ತು ಪೌಂಡಿಗೆ ಇಳಿಸಿ. ನೀರಿಗೆ ಇಳಿಯುವ ಮೊದಲು ಯಾರಾದರೂ ಕೋಲು ಹಿಡಿದು ನಡೆದು ನೋಡಬೇಕು. ಇಕ್ಕಟ್ಟಿನ ಜಾಗದಲ್ಲಿ ದಾರಿ ತೋರುವವನು ಒಬ್ಬನೇ ಇರಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ವಿಂಚಿನ ಹಗ್ಗ ಬಿಗಿಯಾದಾಗ ಅದರ ಅಕ್ಕಪಕ್ಕ ಯಾರೂ ನಿಲ್ಲಬಾರದು. ಕೊನೆಯ ನಿಯಮ ನನಗೆ ಬಹಳ ಹಿಡಿಸಿತು: “ಮುಂದಿನ ಗಾಡಿ ನಿಮ್ಮ ಚಿಂತೆ ಅಲ್ಲ, ಹಿಂದಿನ ಗಾಡಿ ನಿಮ್ಮ ಚಿಂತೆ. ಕನ್ನಡಿಯಲ್ಲಿ ಅದರ ದೀಪ ಕಾಣದಿದ್ದರೆ ನಿಲ್ಲಿಸಿ. ಕವಲು ಬಂದರೆ ಅದು ಬರುವವರೆಗೆ ಕಾಯಿರಿ.” ಮುಂದೆ ಓಡುವವನನ್ನು ಬೆನ್ನಟ್ಟುವುದೇ ಬದುಕೆಂದು ನಂಬಿರುವ ನಗರದಲ್ಲಿ ಇಷ್ಟು ವಿವೇಕದ ಸಂಚಾರ ನಿಯಮವನ್ನು ನಾನು ಕೇಳಿರಲಿಲ್ಲ.

ಹೊರಗಿನಿಂದ ನೋಡುವವರಿಗೆ ಇದು ಬಲದ ಆಟವೆಂದು ತೋರುತ್ತದೆ. ವಾಸ್ತವದಲ್ಲಿ ಇದು ನಿಧಾನದ ಆಟ. ಸಾಮಾನ್ಯ ವಾಹನದಲ್ಲಿ ಒಂದು ಚಕ್ರ ನೆಲ ಬಿಟ್ಟು ಎದ್ದರೆ, ಡಿಫರೆನ್ಷಿಯಲ್ ಎಂಬ ಭಾಗದ ಗುಣದಿಂದಾಗಿ ಎಂಜಿನ್ನಿನ ಶ್ರಮವೆಲ್ಲ ಆ ಗಾಳಿಯಲ್ಲಿ ತಿರುಗುವ ಚಕ್ರಕ್ಕೇ ವ್ಯರ್ಥವಾಗಿ ಹೋಗುತ್ತದೆ. ನೆಲ ಕಚ್ಚಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವ್ಯವಸ್ಥೆ ಮತ್ತು ಡಿಫರೆನ್ಷಿಯಲನ್ನು ಬಿಗಿಯುವ ‘ಲಾಕ್’ ಈ ಕೊರತೆಯನ್ನು ನೀಗುತ್ತವೆ. ‘ಲೋ’ ಗೇರಿಗೆ ಹಾಕಿದರೆ ವೇಗ ಎರಡರಿಂದ ಎರಡೂವರೆ ಪಟ್ಟು ತಗ್ಗುತ್ತದೆ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಗಾಳಿ ಇಳಿಸಿದ ಟೈರು ನೆಲದ ಮೇಲೆ ಹರಡಿಕೊಂಡು ಹೆಚ್ಚು ಹಿಡಿತ ಪಡೆಯುತ್ತದೆ. ನಡೆದುಹೋಗುವವನ ವೇಗದಲ್ಲಿ, ಆಕ್ಸಿಲರೇಟರಿನ ಮೇಲೆ ಕಾಲನ್ನು ಹಗುರವಾಗಿಟ್ಟು ಹೋಗುವವನೇ ಇಲ್ಲಿ ಜಾಣ. ಕೆಸರು ಎರಚಿ ಅಬ್ಬರಿಸುವವನು ಕಲಿಯುತ್ತಿರುವವನು.

ರಾತ್ರಿ ಈ ಲೆಕ್ಕವೆಲ್ಲ ಇನ್ನಷ್ಟು ಬಿಗಿಯಾಗುತ್ತದೆ. ಹೆಡ್‌ಲೈಟಿನ ಬೆಳಕು ನೆಲಕ್ಕೆ ಓರೆಯಾಗಿ ಬೀಳುವುದರಿಂದ ಸಣ್ಣ ಕಲ್ಲಿಗೂ ಉದ್ದನೆಯ ನೆರಳು ಹುಟ್ಟುತ್ತದೆ. ಆಳವಾದ ಕೊರಕಲು ನೆರಳಿನಲ್ಲಿ ಕಪ್ಪು ಪಟ್ಟೆಯಾಗಿ ಮಾತ್ರ ಕಾಣುತ್ತದೆ, ಅದು ಗೇಣುದ್ದವೋ ಆಳೆತ್ತರವೋ ತಿಳಿಯುವುದಿಲ್ಲ. ಏರಿನ ತುದಿ ಮುಟ್ಟಿದಾಗ ವಾಹನದ ಮೂತಿ ಆಕಾಶ ನೋಡುತ್ತದೆ. ದೀಪ ಮರದ ತುದಿಗಳನ್ನು ಬೆಳಗುತ್ತದೆಯೇ ಹೊರತು ಆಚೆಯ ಇಳಿಜಾರನ್ನಲ್ಲ. ಆಗ ಕೆಳಗಿಳಿದು ಟಾರ್ಚು ಹಿಡಿದು ನಡೆಯುವವನ ಕೈಸನ್ನೆಯೊಂದೇ ಗತಿ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕಡೆಗೂ ಇನ್ನೊಬ್ಬನ ಅಂಗೈಯನ್ನು ನಂಬಿ ಮುಂದೆ ಸಾಗುತ್ತದೆ. ಈ ಪರಸ್ಪರ ಅವಲಂಬನೆಯೇ ಈ ಹವ್ಯಾಸದ ನಿಜವಾದ ಸೊಬಗು ಎಂದು ಮೊದಲ ಎರಡು ಗಂಟೆಗಳಲ್ಲಿಯೇ ನನಗೆ ಮನವರಿಕೆಯಾಯಿತು.

ಹಳ್ಳದ ದಡದಲ್ಲಿ

ಹತ್ತೂವರೆಯ ಹೊತ್ತಿಗೆ ಹಳ್ಳಿಯ ಮಣ್ಣುದಾರಿ ಇಳಿದು ಹಳ್ಳದ ಬಳಿ ಬಂದೆವು. ನೀರು ಮೊಣಕಾಲಿನ ಮಟ್ಟದಲ್ಲಿತ್ತು. ದಾಟಲು ಏನೂ ಅಡ್ಡಿಯಿರಲಿಲ್ಲ. ಮುಂದಾಳು ಕೋಲು ಹಿಡಿದು ನೀರಿಗಿಳಿಯುತ್ತಿದ್ದಂತೆ ಆಚೆ ದಡದಿಂದ ಎರಡು ಟಾರ್ಚುಗಳು ಬಂದವು. ಗದ್ದೆ ಕಾಯಲು ಅಟ್ಟಣೆಯಲ್ಲಿ ಮಲಗಿದ್ದ ಒಬ್ಬ ಹಿರಿಯರು ಮತ್ತು ಅವರ ಮಗ. ತಲೆಗೆ ಟವೆಲು, ಮೇಲೆ ಪ್ಲಾಸ್ಟಿಕ್ ಹಾಳೆ, ಕಾಲಿಗೆ ಉಂಬಳ ಹತ್ತದಂತೆ ಸುಣ್ಣ ಹೊಗೆಸೊಪ್ಪು ಸವರಿಕೊಂಡಿದ್ದರು.

“ಎಷ್ಟು ಗಾಡಿ ಸ್ವಾಮಿ?” ಎಂದು ಹಿರಿಯರು ಕೇಳಿದರು.

“ಏಳು ಯಜಮಾನ್ರೇ. ದಾಟ್ಕೊಂಡು ಹೋಗ್ಬಿಡ್ತೀವಿ, ನಿಲ್ಲೋದಿಲ್ಲ.”

ಹಿರಿಯರು ದಡದ ಮೇಲಿನ ಏರನ್ನು ಟಾರ್ಚಿನಿಂದ ತೋರಿಸಿದರು. ಕೆಂಪು ಮಣ್ಣಿನ ಕಡಿದಾದ ಏರು. ಅದರ ಉದ್ದಕ್ಕೂ ಯಾರೋ ಕೈಯಾರೆ ಜೋಡಿಸಿದ ಕಲ್ಲು, ನಡುವೆ ಬಡಿದು ಕೂರಿಸಿದ ಮರದ ತುಂಡುಗಳು. “ನಿಮ್ಮ ಗಾಡಿ ದಾಟ್ತವೆ, ನಂಗೊತ್ತು. ಅವು ದಾಟಿದ್ಮೇಲೆ ನಮ್ಮ ಗಾಡಿ ದಾಟೋದಿಲ್ಲ,” ಎಂದರು. ಅವರ ಮಗನ ಬಳಿ ಒಂದು ಹಳೆಯ ಪಿಕಪ್ ವ್ಯಾನು ಇತ್ತಂತೆ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿಯಿರುವಂಥದು. ಬೆಳಿಗ್ಗೆ ಡೇರಿಗೆ ಹಾಲು, ಶಾಲೆಗೆ ಒಂಬತ್ತು ಮಕ್ಕಳು, ಹೊತ್ತಲ್ಲದ ಹೊತ್ತಿನಲ್ಲಿ ಕಾಯಿಲೆಯವರು, ಎಲ್ಲಕ್ಕೂ ಅದೇ. ಮಳೆಗಾಲದ ಹಿಂದಿನ ತಿಂಗಳು ಬಂದ ಇನ್ನೊಂದು ಗುಂಪು ಇದೇ ಏರಿನಲ್ಲಿ ಚಕ್ರ ತಿರುಗಿಸಿ ತಿರುಗಿಸಿ ಕೊರಕಲು ಮಾಡಿ ಹೋಗಿತ್ತು. ನಾಲ್ಕು ಮನೆಯವರು ಮೂರು ದಿನ ಕೆಲಸ ಬಿಟ್ಟು ಕಲ್ಲು ಹೊತ್ತು ಅದನ್ನು ಸರಿಪಡಿಸಿಕೊಂಡಿದ್ದರು. ಜೊತೆಗೆ, ಕೆಳಗಿನ ತೋಟಕ್ಕೆ ಸಂಜೆಯೇ ಆನೆ ಇಳಿದಿದೆ ಎಂಬ ಸುದ್ದಿಯನ್ನೂ ಅವರು ಕೊಟ್ಟರು.

ನಮ್ಮ ಗುಂಪಿನಲ್ಲಿ ಚರ್ಚೆ ನಡೆಯದೆ ಇರಲಿಲ್ಲ. ಒಬ್ಬ ತರುಣನಿಗೆ ಇದು ಸಾರ್ವಜನಿಕ ರಸ್ತೆ, ಯಾರೂ ತಡೆಯುವಂತಿಲ್ಲ ಎಂಬ ವಾದವಿತ್ತು. ಕಾಗದದ ಮೇಲೆ ಅದು ಸರಿಯೂ ಇರಬಹುದು. ಇನ್ನೊಬ್ಬರು ಹಣ ಕೊಡಲು ಮುಂದಾದರು. ಹಿರಿಯರು, “ದುಡ್ಡು ಬೇಡ ಸ್ವಾಮಿ. ಮನಸ್ಸಿದ್ರೆ ಎರಡು ಲೋಡು ಜಲ್ಲಿ ಹಾಕ್ಸಿ. ಆಮೇಲೆ ಬೇಕಾದ್ರೆ ದಿನಾ ಬನ್ನಿ,” ಎಂದು ನಕ್ಕರು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಅದನ್ನು ಎದುರಿಸುವುದು ಸುಲಭವಾಗುತ್ತಿತ್ತೋ ಏನೋ. ಮುಂದಾಳು ಹೆಚ್ಚು ಮಾತಾಡಲಿಲ್ಲ. “ಹೋಗೋದಿಲ್ಲ ಬಿಡಿ ಯಜಮಾನ್ರೇ,” ಎಂದವರೇ ವಾಕಿಟಾಕಿಯಲ್ಲಿ ಎಲ್ಲರಿಗೂ ಹಿಂದಿರುಗುವಂತೆ ಹೇಳಿದರು.

ಹಿಂದಿರುಗುವುದೆಂದರೆ ಸುಲಭದ ಮಾತೇನೂ ಆಗಿರಲಿಲ್ಲ. ಒಂದು ಬದಿ ಧರೆ, ಇನ್ನೊಂದು ಬದಿ ಚರಂಡಿ. ವಾಹನ ತಿರುಗಿಸುವಷ್ಟು ಅಗಲವಿಲ್ಲ. ಕೊನೆಯ ಗಾಡಿಯಿಂದ ಮೊದಲುಗೊಂಡು ಒಂದೊಂದೇ ಸುಮಾರು ಮುನ್ನೂರು ಮೀಟರು ಹಿಮ್ಮುಖವಾಗಿ ಏರಬೇಕು. ನಾಲ್ಕನೆಯ ವಾಹನದ ಹಿಂಚಕ್ರ ಚರಂಡಿಗೆ ಜಾರಿತು. ಸಿಲ್ವರ್ ಮರವೊಂದಕ್ಕೆ, ತೊಗಟೆ ಸುಲಿಯದಂತೆ ಅಗಲವಾದ ಪಟ್ಟಿ ಸುತ್ತಿ, ವಿಂಚಿನ ಹಗ್ಗದ ಮೇಲೆ ಕಂಬಳಿ ಹೊದಿಸಿ, ಇಂಚಿಂಚಾಗಿ ಅದನ್ನು ಮೇಲೆತ್ತಿದರು. ಆ ಮುನ್ನೂರು ಮೀಟರಿಗೆ ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಹಿರಿಯರ ಮಗ ಕೂಡ ಕಲ್ಲು ಕೊಡಲು ಬಂದು ನಿಂತ. ಇಡೀ ರಾತ್ರಿಯಲ್ಲಿ ನಿಜವಾದ ಚಾಲನಾ ಕೌಶಲ ಬೇಡಿದ ಘಟ್ಟ ಅದೊಂದೇ ಎಂದು ಉಪನ್ಯಾಸಕಿ ಆಮೇಲೆ ಹೇಳಿದರು. ಅವರ ವಾಹನವೊಂದೇ ಎಲ್ಲಿಯೂ ತಾಗದೆ ಮೇಲೆ ಬಂದಿತ್ತು.

ಎರಡು ವಾರಗಳ ಬಳಿಕ ಆ ಏರಿಗೆ ಎರಡು ಲೋಡು ಜಲ್ಲಿ ಬಿದ್ದ ಸುದ್ದಿ ಬಂದಿತು. ಸಂತೋಷದ ವಿಷಯವೇ. ಆದರೂ ಒಂದು ಸಂಕಟ ಉಳಿಯಿತು. ಒಂಬತ್ತು ಮಕ್ಕಳು ಶಾಲೆಗೆ ಹೋಗುವ ದಾರಿಗೆ ಜಲ್ಲಿ ಬೀಳಲು, ಮೋಜಿಗಾಗಿ ಬಂದ ಏಳು ವಾಹನಗಳು ಅಲ್ಲಿ ತಡೆದು ನಿಲ್ಲಬೇಕಾಯಿತಲ್ಲ! ನಮಗೆ ರಸ್ತೆಯಿಲ್ಲದಿರುವುದು ವಾರಾಂತ್ಯದ ರೋಮಾಂಚನ. ಅವರಿಗೆ ಅದು ವರ್ಷವಿಡೀ ಹೊರುವ ಹೊರೆ. ದುರ್ಗಮ ಹಾದಿಯ ಸೌಂದರ್ಯವನ್ನು ಹೊಗಳುವ ಮುನ್ನ, ಆ ದುರ್ಗಮತೆಯ ಬೆಲೆ ತೆರುತ್ತಿರುವವರು ಯಾರು ಎಂದು ಕೇಳಿಕೊಳ್ಳುವುದು ಕನಿಷ್ಠ ಸೌಜನ್ಯ.

ದೀಪ ಆರಿಸಿದಾಗ

ಮೇಲಿನ ತೋಟದ ಬಯಲಿಗೆ ಬಂದ ಮೇಲೆ ಮುಂದಾಳು ಎಲ್ಲ ಎಂಜಿನ್ನುಗಳನ್ನೂ ದೀಪಗಳನ್ನೂ ಆರಿಸಲು ಹೇಳಿದರು. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಹಾಗೆ ಗಳಿಸಿದ ದೃಷ್ಟಿಯನ್ನು ಒಂದು ಕ್ಷಣದ ಪ್ರಖರ ಬೆಳಕು ಅಳಿಸಿಬಿಡುತ್ತದೆ. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಮರಗಳ ಅಂಚು, ಮೋಡದ ಅಂಚು, ಕಾಫಿ ಗಿಡಗಳ ನಡುವಿನ ಮಿಂಚುಹುಳು ಒಂದೊಂದಾಗಿ ಮೂಡಿದವು. ಕಿವಿಗಂತೂ ಹಬ್ಬ. ಎಲೆಯ ಮೇಲೆ ಕುಳಿತು ಟಿಕ್ ಟಿಕ್ ಎನ್ನುವ ಪೊದೆಗಪ್ಪೆಗಳು, ಹಳ್ಳದ ಕಡೆಯಿಂದ ಬರುವ ಇನ್ನೊಂದು ಬಗೆಯ ದನಿ, ಜೀರುಂಡೆಗಳ ನಿಲ್ಲದ ಶ್ರುತಿ. ಇಷ್ಟು ಹೊತ್ತು ಈ ಊರಿನಲ್ಲಿ ನಡೆಯುತ್ತಿದ್ದ ಸಭೆಯೊಂದನ್ನು ನಮ್ಮ ಏಳು ಎಂಜಿನ್ನುಗಳು ಮುಚ್ಚಿಹಾಕಿದ್ದವು.

ಪಶ್ಚಿಮಘಟ್ಟದ ಬದುಕು ಬಹುಮಟ್ಟಿಗೆ ರಾತ್ರಿಯ ಬದುಕು. ಕಾಡುಪಾಪ, ಪುನುಗು ಬೆಕ್ಕು, ಮುಳ್ಳುಹಂದಿ, ಚಿಪ್ಪುಹಂದಿ, ಹಸಿರು ಮಂಡಲ ಹಾವು, ಎಲ್ಲವೂ ಕತ್ತಲನ್ನೇ ನಂಬಿದವು. 2014ರಲ್ಲಿ ವಿಜ್ಞಾನಿಗಳು ಲೋಕಕ್ಕೆ ಪರಿಚಯಿಸಿದ ‘ಕುಂಬಾರ ಕಪ್ಪೆ’ಯ ಕತೆಯನ್ನೇ ನೋಡಿ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕಂಡ ಈ ಇರುಳುಗಪ್ಪೆಯ ಗಂಡು, ಹೆಣ್ಣು ಇಟ್ಟ ಮೊಟ್ಟೆಗಳ ಮೇಲೆ ಮುಂಗೈಗಳಿಂದ ಹಳ್ಳದ ಮಣ್ಣನ್ನು ತಂದು ಮೆತ್ತುತ್ತದೆ. ಮಡಕೆ ಮಾಡುವವನ ಕೆಲಸವನ್ನು ನೆನಪಿಸುವುದರಿಂದಲೇ ಅದಕ್ಕೆ ಆ ಹೆಸರು. ಈ ಕುಸುರಿ ನಡೆಯುವುದು ಮಳೆಗಾಲದ ರಾತ್ರಿ, ತೊರೆಯ ಅಂಚಿನ ಒಂದು ಕೊಂಬೆಯ ಮೇಲೋ ಕಲ್ಲಿನ ಮೇಲೋ. ಅಂಥ ತೊರೆಯಲ್ಲಿ ನೀರು ಚಿಮ್ಮಿಸುತ್ತ ದಾಟುವ ವಾಹನದ ಚಿತ್ರ ಎಷ್ಟು ಚೆನ್ನಾಗಿ ಬಂದರೂ, ಆ ಚಿತ್ರದ ಚೌಕಟ್ಟಿನ ಹೊರಗೆ ಏನು ಅಳಿಯಿತು ಎಂಬುದು ನಮಗೆ ಕಾಣುವುದಿಲ್ಲ. ಕಾಡುಪ್ರಾಣಿಗಳ ಕಣ್ಣು ಕಡಿಮೆ ಬೆಳಕಿಗೆ ಹೇಳಿ ಮಾಡಿಸಿದ್ದು. ಅನೇಕ ಪ್ರಾಣಿಗಳಲ್ಲಿ ಬೆಳಕನ್ನು ಮರಳಿ ಪ್ರತಿಫಲಿಸುವ ಪದರವೇ ಇದೆ. ರಾತ್ರಿ ಅವುಗಳ ಕಣ್ಣು ಹೊಳೆಯುವುದು ಅದರಿಂದಲೇ. ಅಂಥ ಕಣ್ಣಿಗೆ ನಮ್ಮ ಎಲ್‌ಇಡಿ ದೀಪದ ಸಾಲು ಎಂಥ ಆಘಾತವಾಗಬಹುದೆಂದು ಊಹಿಸಿಕೊಳ್ಳಬಹುದು.

ಆನೆಯ ವಿಷಯವಂತೂ ಸಕಲೇಶಪುರ, ಆಲೂರು, ಬೇಲೂರು ಸೀಮೆಯಲ್ಲಿ ಪ್ರಾಣದ ವಿಷಯ. ತೋಟ, ಗದ್ದೆ, ಕಾಡು ಒಂದರೊಳಗೊಂದು ಹೆಣೆದುಕೊಂಡಿರುವ ಈ ಭಾಗದಲ್ಲಿ ಆನೆಗಳು ಹಗಲು ತೋಟದ ಮರೆಯಲ್ಲಿದ್ದು ರಾತ್ರಿ ಗದ್ದೆಗಿಳಿಯುತ್ತವೆ. ಎಂಟು ಬಾರಿ ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಇದೇ ತಾಲ್ಲೂಕಿನ ಯಸಳೂರಿನ ಬಳಿ, ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಕಾದಾಡುವಾಗ. ಪಳಗಿದ ಆನೆ, ಅನುಭವಿ ಮಾವುತರು, ಇಲಾಖೆಯ ಸಿಬ್ಬಂದಿ ಎಲ್ಲ ಇದ್ದೂ ಹಾಗಾಯಿತು. ಆನೆ ಎಲ್ಲಿದೆ ಎಂಬ ಮೊಬೈಲ್ ಸಂದೇಶ ನೋಡಿಕೊಂಡು ಬೆಳಿಗ್ಗೆ ತೋಟಕ್ಕೆ ಹೊರಡುವ ಕೂಲಿ ಹೆಂಗಸರಿರುವ ಊರಿನಲ್ಲಿ, ನಾವು ನಡುರಾತ್ರಿ ಏಳು ವಾಹನಗಳ ಸದ್ದಿನಿಂದ ಆನೆಯ ಹಿಂಡನ್ನು ಒಂದು ತೋಟದಿಂದ ಇನ್ನೊಂದಕ್ಕೆ ಅಟ್ಟಿದರೆ, ಬೆಳಗಿನ ಸಂದೇಶ ಸುಳ್ಳಾಗುತ್ತದೆ. ಅದರ ಬೆಲೆ ಕೊಡುವವರು ಅಷ್ಟು ಹೊತ್ತಿಗೆ ಬೆಂಗಳೂರು ಸೇರಿರುವ ನಾವಲ್ಲ.

ನಿಷೇಧವೊಂದೇ ದಾರಿಯೇ?

ರಾತ್ರಿಯನ್ನು ಕಾಡಿಗೆ ಬಿಟ್ಟುಕೊಡಬೇಕೆಂಬ ತತ್ವವನ್ನು ಕರ್ನಾಟಕ ಈಗಾಗಲೇ ಒಂದು ಕಡೆ ಒಪ್ಪಿದೆ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರ ನಿರ್ಬಂಧಿಸುವ ಆದೇಶ 2009ರಲ್ಲಿ ಬಂದಿತು. 2010ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಡಿಲಿಸಬೇಕೆಂಬ ಒತ್ತಡ ಅಲ್ಲಿಂದೀಚೆಗೆ ಮತ್ತೆ ಮತ್ತೆ ಬಂದಿದೆ. ತರಕಾರಿ ಲಾರಿಗೆ, ಊರಿಗೆ ಹೋಗುವ ಬಸ್ಸಿಗೆ ಇರುವ ನಿರ್ಬಂಧವನ್ನು ನಾವು ಸಮರ್ಥಿಸುವುದಾದರೆ, ಕೇವಲ ಸಂತೋಷಕ್ಕಾಗಿ ಕಾಡಂಚಿನಲ್ಲಿ ಎಂಜಿನ್ ಮೊಳಗಿಸುವ ಹಕ್ಕನ್ನು ಯಾವ ಬಾಯಿಂದ ಕೇಳುವುದು?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಸೆಕ್ಷನ್ ಅಭಯಾರಣ್ಯಗಳಿಗೆ ಪ್ರವೇಶವನ್ನು ನಿರ್ಬಂಧಿಸುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮೀಸಲು ಅರಣ್ಯದೊಳಗಿನ ಅತಿಕ್ರಮ ಪ್ರವೇಶವನ್ನು ಅಪರಾಧವೆನ್ನುತ್ತದೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ 10 ನಮ್ಮ ರಾಜ್ಯದಲ್ಲಿಯೇ ಇವೆ. ಆದರೆ ಕಾನೂನಿನ ಗೆರೆ ಕತ್ತಲಲ್ಲಿ ಕಾಣುವುದಿಲ್ಲ. ತೋಟ ಎಲ್ಲಿ ಮುಗಿಯಿತು, ಮೀಸಲು ಅರಣ್ಯ ಎಲ್ಲಿ ಮೊದಲಾಯಿತು ಎಂದು ಹಗಲಿನಲ್ಲಿಯೇ ಗೊಂದಲವಾಗುವ ಜಾಗಗಳು ಎಷ್ಟೋ ಇವೆ. ಗುಡ್ಡದ ನೆತ್ತಿಯ ಹುಲ್ಲುಗಾವಲಂತೂ ಎಲ್ಲರಿಗೂ ಬಯಲು ಮೈದಾನದಂತೆ ತೋರುತ್ತದೆ. ಮಳೆನೀರನ್ನು ಇಂಗಿಸಿಕೊಂಡು ಕೆಳಗಿನ ತೊರೆಗಳಿಗೆ ಬಿಡುವ ಹುಲ್ಲುಗಾವಲಿನ ಮೇಲೆ ಚಕ್ರ ಹಾದರೆ ಮಣ್ಣು ಅಡಕವಾಗುತ್ತದೆ. ಮುಂದಿನ ಮಳೆ ಆ ಗಾಲಿಜಾಡಿನಲ್ಲೇ ಹರಿದು ಅದನ್ನು ಕೊರಕಲು ಮಾಡುತ್ತದೆ. ಒಂದು ಸಂಜೆಯ ಗೆರೆ ಹಲವು ಮಳೆಗಾಲಗಳ ಗಾಯವಾಗುತ್ತದೆ.

ಹಾಗೆಂದು ಎಲ್ಲವನ್ನೂ ನಿಷೇಧಿಸಿಬಿಡಿ ಎನ್ನಲು ನನಗೆ ಮನಸ್ಸಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅದೇ ತಿಂಗಳು ಕೇರಳ ಪ್ರವಾಹದಲ್ಲಿ ಮುಳುಗಿದಾಗ, ಸಾಮಾನ್ಯ ವಾಹನ ಹೋಗಲಾರದ ಕಡೆಗೆ ನುಗ್ಗಿ ಜನರನ್ನು ಹೊತ್ತು ತಂದ, ಅಕ್ಕಿ ಔಷಧಿ ಮುಟ್ಟಿಸಿದ ಕೈಗಳಲ್ಲಿ ಇಂಥ ಜೀಪು ಹವ್ಯಾಸಿಗಳ ಕೈಗಳೂ ಇದ್ದವು. ಕೆಸರಿನಲ್ಲಿ ಹೂತ ವಾಹನವನ್ನು ಎತ್ತುವುದು, ಹರಿಯುವ ನೀರಿನ ಆಳ ಅಳೆಯುವುದು, ಕತ್ತಲಲ್ಲಿ ಸಾಲು ತಪ್ಪದೆ ಸಾಗುವುದು, ಇವು ಒಂದೇ ದಿನದಲ್ಲಿ ಬರುವ ವಿದ್ಯೆಗಳಲ್ಲ. ಆಟದಲ್ಲಿ ಕಲಿತದ್ದು ಆಪತ್ತಿನಲ್ಲಿ ಒದಗಿತು. ಪ್ರತಿ ಮಳೆಗಾಲವೂ ಧರೆ ಕುಸಿತದ ಸುದ್ದಿ ತರುತ್ತಿರುವ ಈ ದಿನಗಳಲ್ಲಿ ಅಂಥ ಕೌಶಲವುಳ್ಳ ನಾಗರಿಕರು ನಾಲ್ಕು ಮಂದಿ ಹೆಚ್ಚಿದ್ದರೆ ನಷ್ಟವಿಲ್ಲ.

ಆದ್ದರಿಂದ ಬೇಕಾಗಿರುವುದು ಮೇರೆ. ರಾತ್ರಿ ಸಂಚಾರ ಖಾಸಗಿ ಜಮೀನಿನ ಒಳಗೆ, ಮಾಲೀಕರ ಲಿಖಿತ ಅನುಮತಿಯೊಡನೆ ಮಾತ್ರ ನಡೆಯಲಿ. ಕಾಡಂಚು, ಹುಲ್ಲುಗಾವಲು, ಹರಿಯುವ ತೊರೆ ಸಂಪೂರ್ಣವಾಗಿ ಹೊರಗುಳಿಯಲಿ. ಹೊರಡುವ ಮೊದಲು ಆನೆಗಳ ಚಲನವಲನ ಕುರಿತು ಅರಣ್ಯ ಸಿಬ್ಬಂದಿಯನ್ನೂ, ದಾರಿಯ ಸ್ಥಿತಿ ಕುರಿತು ಊರಿನವರನ್ನೂ ಕೇಳುವುದು ಕಡ್ಡಾಯವಾಗಲಿ. ವಾಹನಗಳ ಸಂಖ್ಯೆಗೆ ಮಿತಿಯಿರಲಿ. ನೆತ್ತಿಯ ಮೇಲಿನ ಸಾಲು ದೀಪಗಳು ಅಪಾಯದ ಹೊತ್ತಿಗೆ ಮೀಸಲಾಗಲಿ. ಹಳ್ಳಿಯ ದಾರಿ ಹಾಳಾದರೆ ಸರಿಪಡಿಸಿಕೊಡುವ ಹೊಣೆ ಗುಂಪಿನದಾಗಲಿ. ತೋಟದ ವಾಸ್ತವ್ಯಗೃಹಗಳು ‘ನೈಟ್ ಡ್ರೈವ್’ ಎಂದು ಜಾಹೀರಾತು ಕೊಟ್ಟು, ತರಬೇತಿಯಿಲ್ಲದ ಅತಿಥಿಗಳನ್ನು ಬಾಡಿಗೆ ಜೀಪಿನಲ್ಲಿ ಕತ್ತಲಿಗಿಳಿಸುವ ಪದ್ಧತಿಗೆ ಜಿಲ್ಲಾಡಳಿತ ಕಡಿವಾಣ ಹಾಕಲಿ. ಹವ್ಯಾಸಿ ತಂಡಗಳನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಗುರುತಿಸಿ, ತರಬೇತಿ ಕೊಟ್ಟು, ಕರೆದಾಗ ಬರುವ ಪಡೆಯನ್ನಾಗಿ ಮಾಡಿಕೊಂಡರೆ ಈ ಉತ್ಸಾಹಕ್ಕೆ ಒಂದು ಸಾರ್ವಜನಿಕ ಅರ್ಥವೂ ಬರುತ್ತದೆ.

ಯಂತ್ರದ ಬಗ್ಗೆ ನಮಗಿರುವ ಹೆಮ್ಮೆ ವಿಚಿತ್ರವಾದದ್ದು. ಎಲ್ಲಿಗೆ ಬೇಕಾದರೂ ಹೋಗಬಲ್ಲದು ಎಂಬುದೇ ನಾಲ್ಕು ಚಕ್ರದ ಶಕ್ತಿಯುಳ್ಳ ವಾಹನದ ಹಿರಿಮೆಯೆಂದು ಜಾಹೀರಾತುಗಳು ಹೇಳುತ್ತವೆ, ನಾವು ನಂಬುತ್ತೇವೆ. ಹೋಗಬಲ್ಲ ಶಕ್ತಿಯುಳ್ಳವನು ಮಾತ್ರ ಹೋಗದಿರಲು ಆರಿಸಿಕೊಳ್ಳಬಲ್ಲ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮುಂದಿನ ಮಳೆಗಾಲಕ್ಕೆ ಇನ್ನಷ್ಟು ವಾಹನಗಳು ಘಟ್ಟದ ಕಡೆಗೆ ಮುಖ ಮಾಡುವುದಂತೂ ಖಂಡಿತ. ಅವುಗಳ ಜೊತೆಗೆ ಒಂದು ಕೋಲು, ಒಂದು ಟಾರ್ಚು ಮತ್ತು ಎದುರು ಬಂದವರ ಮಾತು ಕೇಳುವ ವ್ಯವಧಾನ ಇದ್ದರೆ, ಕತ್ತಲ ಹಾದಿಯ ಒಡೆತನದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಬಗೆಹರಿದೀತು.